ತೂಕ ಹೆಚ್ಚಾದ ಚದುರಂಗ

ಅಕ್ಕನ ಕಂಪ್ಯೂಟರಿನಿಂದ ಅವಳ ಸಿನಿಮಾ ಕಳುವಾಗಿತ್ತು. ಎರಡು ವರ್ಷ ಬೊಂಬೆಗಳನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ, ಒಂದೊಂದೇ ಚಿತ್ರ ತೆಗೆದು ಕಟ್ಟಿದ ಸಿನಿಮಾ. ಮಧ್ಯಾಹ್ನದೊಳಗೆ ಸ್ಪರ್ಧೆಗೆ ಕಳಿಸಬೇಕು. ತಪ್ಪಿದರೆ ಅಷ್ಟೂ ನೀರಲ್ಲಿ ಹೋಮ.

ತಂಗಿ ಪೊಲೀಸ್ ಇನ್‌ಸ್ಪೆಕ್ಟರ್. ಸಮವಸ್ತ್ರದಲ್ಲೇ ಓಡಿ ಬಂದಳು.

"ಇನ್ನೊಂದು ಪ್ರತಿ?"

"ಇವತ್ತು ತೆಗೀಬೇಕು ಅಂತಿದ್ದೆ ಕಣೇ."

"ರಾತ್ರಿ ಯಾರಿದ್ರು?"

"ನಾನು, ನಿನ್ನ ಭಾವ, ಎಡಿಟರ್. ಮೊದಲ ಸಲ ಪೂರ್ತಿ ನೋಡಿದ್ವಿ. ಭಾವ ಅರ್ಧಕ್ಕೇ ಎದ್ದು ಹೋದ್ರು."

ಪೊಲೀಸ್ ಬುದ್ಧಿ ಸುಮ್ಮನಿರುತ್ತದೆಯೇ? ನೇರ ಎಡಿಟರ್ ಮೇಲೆ ಹೋಯಿತು. ಸಂಗೀತದ ವಿಷಯಕ್ಕೆ ಅವನಿಗೂ ಅಕ್ಕನಿಗೂ ಹಾವು ಮುಂಗುಸಿ. ಆತ ಲ್ಯಾಪ್‌ಟಾಪ್, ಪೆನ್‌ಡ್ರೈವ್, ಕೊನೆಗೆ ಊಟದ ಡಬ್ಬಿಯನ್ನೂ ಮೇಜಿನ ಮೇಲಿಟ್ಟ.

"ಜಗಳ ಆಡಿದ್ದು ನಿಜ ಮೇಡಂ. ಆದ್ರೆ ಅದು ನನ್ನ ಸಿನಿಮಾನೂ ಹೌದು."

ಹುಡುಕಿದ್ದೇ ಬಂತು, ಏನೂ ಸಿಗಲಿಲ್ಲ.

* * *

ಪಕ್ಕದ ಕೋಣೆಯಲ್ಲಿ ಭಾವ, ಪಾಪ, ಕೇಳುವ ಮೊದಲೇ ಪೆನ್‌ಡ್ರೈವ್ ಚಾಚಿದರು. "ನಂದೂ ನೋಡಿಬಿಡಮ್ಮ." ತಮ್ಮ ಕಂಪ್ಯೂಟರಿಗೆ ತಾವೇ ಸಿಕ್ಕಿಸಿದರು. ಪರದೆಯ ಮೇಲೆ ಒಂದೇ ಒಂದು ಫೈಲು, ಅದರ ಮೇಲೆ ಕುದುರೆ ತಲೆ.

"ಚದುರಂಗದ ಆಟ. ಅಷ್ಟೇ."

ಪೆನ್‌ಡ್ರೈವ್ ಮುಕ್ಕಾಲು ತುಂಬಿತ್ತು. ಒಂದು ಬಡಪಾಯಿ ಆಟಕ್ಕೆ ಇಷ್ಟು ಜಾಗವೇ ಎಂದುಕೊಂಡಳು ತಂಗಿ.

"ಒಂದ್ನಿಮಿಷ ಭಾವ." ಅದನ್ನು ಕಿತ್ತು ಅಕ್ಕನ ಕಂಪ್ಯೂಟರಿಗೆ ಹಾಕಿದಳು. ಆ ಕಂಪ್ಯೂಟರೇ ಬೇರೆ ಜಾತಿಯದು. ಅಲ್ಲಿ ಕುದುರೆ ತಲೆಯೂ ಇಲ್ಲ, ಆಟವೂ ಇಲ್ಲ. ಒಂದು ಫೋಲ್ಡರ್ ಇತ್ತು. ತೆರೆದಳು. ಕಾಯಿಗಳ ಚಿತ್ರ, ಟಕ್ ಟಕ್ ಸದ್ದು, ಅವುಗಳ ಸಂದಿಯಲ್ಲಿ ಅಕ್ಕನ ಸಿನಿಮಾ.

ಭಾವನ ಮುಖ ಹುಳ್ಳಗಾಯಿತು.

* * *

"ಅಕ್ಕನ ಮಷೀನಲ್ಲಿ ಆಟ ಅಂದ್ರೆ ಒಂದು ಫೈಲು, ಒತ್ತಿದ್ರೆ ಓಡುತ್ತೆ," ಎಂದಳು ತಂಗಿ. "ನಿಮ್ಮದರಲ್ಲಿ ಅದು ನಿಜವಾಗಿ ಒಂದು ಫೋಲ್ಡರ್. ಮೇಲೊಂದು ಚಿತ್ರ ಹೊದಿಸಿ ಒಂದೇ ಫೈಲು ಅಂತ ನಂಬಿಸುತ್ತೆ. ಅಕ್ಕನ ಮಷೀನಿಗೆ ಆ ನಾಟಕ ಬರಲ್ಲ, ಇದ್ದದ್ದನ್ನ ಇದ್ದ ಹಾಗೇ ತೋರಿಸಿಬಿಡ್ತು. ಹಾಳು ಮಾಡೋ ಕಳ್ಳನಾದ್ರೆ ಅಳಿಸಿ ಹೋಗ್ತಿದ್ದ. ನೀವು ಜೋಪಾನ ಮಾಡಿದ್ದೀರಿ. ಯಾಕೆ ಭಾವ?"

ಭಾವ ನೆಲ ನೋಡಿದರು. "ಅದರಲ್ಲಿ ಕತ್ತೆಗೆ ಮಾತಾಡಿರೋದು ನಾನು. ನಿನ್ನೆ ಕೇಳಿಸ್ಕೊಂಡೆ. ಒಡಕು ಗಂಟಲು. ಜನ ನಗ್ತಾರೆ. ಇವಳ ಕಷ್ಟವೆಲ್ಲ ನನ್ನಿಂದ ಹಾಳಾಗಬಾರದು, ಬೇರೆ ಯಾರಿಂದಾದ್ರೂ ಮಾತಾಡಿಸಿ ಹಾಕೋಣ ಅಂತಿದ್ದೆ. ಯಾರೂ ಸಿಗಲಿಲ್ಲ."

ಅಕ್ಕನಿಗೆ ಸಿಟ್ಟು ನೆತ್ತಿಗೇರಿತ್ತು. ಬೈಯಲು ಬಾಯಿ ತೆರೆದಳು, ಅಳು ಬಂತು.

"ಕತ್ತೆ ಬೊಂಬೆ ಮಾಡಿದ್ದೇ ಆ ದನಿಗೋಸ್ಕರ ಕಣ್ರೀ. ಮೊದಲು ನಿಮ್ಮ ದನಿ, ಆಮೇಲೆ ಕತ್ತೆ, ಆಮೇಲೆ ಕತೆ. ನಾಳೆ ನಾವಿಬ್ರೂ ಇಲ್ಲದಿದ್ರೂ ಅದು ಎಲ್ಲಾದ್ರೂ ಕೇಳ್ತಿರಲಿ ಅಂತ."

ಭಾವ ಕುರ್ಚಿ ಎಳೆದುಕೊಂಡು ಕೂತು, ಸಿನಿಮಾವನ್ನು ಇದ್ದ ಹಾಗೇ ಸ್ಪರ್ಧೆಗೆ ತಾವೇ ಕಳಿಸಿದರು.