ಅರವತ್ತಮೂರನೇ ಕ್ಯಾಸೆಟ್

ಅರ್ಜಿಗೆ ಬಂದ ಕಂಪನಿಯ ಉತ್ತರ ಮೂರೇ ಸಾಲಿನದು. ಕ್ಯಾಂಪಿನ ಕ್ಲಬ್ಬಿನಲ್ಲಿರುವ ಹಳೆಯ ವೀಡಿಯೊ ಕ್ಯಾಸೆಟ್‌ಗಳು ಕಂಪನಿಯ ಸೊತ್ತು. ಕಟ್ಟಡ ಕೆಡವುವ ಮೊದಲು ಪಟ್ಟಿಯ ಪ್ರಕಾರ ಎಲ್ಲವನ್ನೂ ಪುಡಿ ಮಾಡಲಾಗುವುದು. ಯಾವುದನ್ನೂ ಯಾರಿಗೂ ಕೊಡಲು ಬರುವುದಿಲ್ಲ.

ಲಾಜರಸ್ ಅದನ್ನು ಎರಡು ಸಲ ಓದಿ, ಫೋನನ್ನು ಮಗುಚಿಟ್ಟು, ಒಲೆಯ ಮೇಲಿದ್ದ ಗಂಜಿ ಇಳಿಸಿದ. ಮೂವತ್ತೊಂದು ವರ್ಷ ಸೌದಿಯ ರಾಸ್ ತನೂರಾದ ತೈಲ ಕಂಪನಿಯಲ್ಲಿ ಒತ್ತಡ ಅಳೆಯುವ ಮೀಟರುಗಳನ್ನು ಸರಿಮಾಡಿಕೊಂಡು ಬಂದವನು. ಕಂಪನಿಯ ಒಂದು ಸ್ಕ್ರೂ ಕೂಡ ಅವನ ಜೇಬಿನಲ್ಲಿ ಮನೆಗೆ ಬಂದದ್ದಿಲ್ಲ. ಆದರೆ ಗಂಜಿ ಆರುವಷ್ಟರಲ್ಲಿ ಅವನು ಕಳ್ಳನಾಗಲು ನಿರ್ಧರಿಸಿಬಿಟ್ಟಿದ್ದ.

ಅವನಿಗೆ ಬೇಕಾಗಿದ್ದದ್ದು ಅರವತ್ತಮೂರನೇ ನಂಬರಿನ ಕ್ಯಾಸೆಟ್. ಅದರಲ್ಲಿದ್ದದ್ದು ಇಂಗ್ಲೆಂಡಿನ ಒಂದು ಕಪ್ಪು-ಬಿಳುಪು ತಮಾಷೆಯ ಸಿನಿಮಾ. ನಿವೃತ್ತನಾದ ಒಬ್ಬ ಪೋಸ್ಟ್‌ಮ್ಯಾನ್, ಪಿಯಾನೋ ಕಲಿಸುವ ಒಬ್ಬ ಮುದುಕಿ, ಕಿವಿ ಕೇಳದ ಒಬ್ಬ ಗಡಿಯಾರ ರಿಪೇರಿಯವ ಸೇರಿ ಊರಿನ ಮ್ಯೂಸಿಯಮ್ಮಿನಿಂದ ಬೆಳ್ಳಿಯ ಟೀ ಪಾತ್ರೆ ಕದಿಯಲು ಹೋಗುವ ಕತೆ. ಅಂಥ ಸಿನಿಮಾಗಳು ಕ್ಲಬ್ಬಿನಲ್ಲಿ ಹತ್ತಿಪ್ಪತ್ತು ಇದ್ದವು. ಎಲ್ಲದರಲ್ಲೂ ಕಳ್ಳರು ಬಹಳ ಮರ್ಯಾದಸ್ಥರು, ಒಬ್ಬರಿಗೊಬ್ಬರು ಟೊಪ್ಪಿ ಎತ್ತಿ ನಮಸ್ಕಾರ ಹೇಳುವವರು, ಕನ್ನ ಹಾಕುವ ನಡುವೆ ಟೀ ಕುಡಿಯಲು ಕೂರುವವರು. ಆ ಇಂಗ್ಲಿಷ್ ಮಾತ್ರ ಕ್ಯಾಂಪಿನ ಹೆಂಗಸರಿಗೆ ಅರ್ಥವಾಗುತ್ತಿರಲಿಲ್ಲ. ಭಟ್ಕಳದವರು, ಉಡುಪಿಯವರು, ಮಂಗಳೂರಿನ ಬ್ಯಾರಿಗಳು, ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಭಾಷೆ. ಎಲ್ಲರಿಗೂ ಬರುವುದು ಕನ್ನಡ. ಹಾಗಾಗಿ ಲಾಜರಸ್ಸನ ಹೆಂಡತಿ ಮೆಟಿಲ್ಡಾ ಟಿವಿಯ ಪಕ್ಕ ಕುರ್ಚಿ ಹಾಕಿಕೊಂಡು ಕತೆ ಹೇಳತೊಡಗಿದಳು.

"ನೋಡಿ ಮಾರಾಯ್ರೆ, ಕದಿಯಲಿಕ್ಕೆ ಹೋಗುವಾಗ್ಲೂ ಕುತ್ತಿಗೆಗೆ ಟೈ ಕಟ್ಟಿದ್ದಾನೆ. ನಮ್ಮವರು ಮದುವೆಗೆ ಹೊರಡುವಾಗ್ಲೂ ಇಸ್ತ್ರಿ ಇಲ್ಲ!"

ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಚಿತ್ರ ಹಾಗೇ ಉಳಿಸಿ ಮಾತನ್ನು ಮಾತ್ರ ಬದಲಿಸುವ ಸೌಕರ್ಯ ಆ ಕಾಲದ ಪ್ಲೇಯರಿನಲ್ಲಿತ್ತು. ಲಾಜರಸ್ ಮೈಕು ಜೋಡಿಸಿಕೊಟ್ಟ. ಮೂರು ಗುರುವಾರ ಕೂತು ಮೆಟಿಲ್ಡಾ ಇಡೀ ಸಿನಿಮಾಕ್ಕೆ ತನ್ನ ದನಿ ತುಂಬಿದಳು. ಮುದುಕಿಗೂ ಅವಳೇ, ಪೋಸ್ಟ್‌ಮ್ಯಾನಿಗೂ ಅವಳೇ, ಪೊಲೀಸಿಗೂ ಅವಳೇ. ನಡುನಡುವೆ ತಾನೇ ತಡೆಯಲಾಗದೆ "ಅಯ್ಯೋ ದೇವಾ" ಎಂದು ನಗುವವಳೂ ಅವಳೇ. ಆ ಕ್ಯಾಸೆಟ್ ಎಷ್ಟೋ ತಿಂಗಳು ಮನೆಯಿಂದ ಮನೆಗೆ ಸುತ್ತಿತು. ಆಮೇಲೆ ಡಿವಿಡಿ ಬಂತು. ಹಳೆಯ ಕ್ಯಾಸೆಟ್‌ಗಳಿಗೆಲ್ಲ ನಂಬರಿನ ಚೀಟಿ ಅಂಟಿಸಿ, ಪಟ್ಟಿ ಬರೆದು, ಬೀರುವಿಗೆ ತುಂಬಿಸಿ ಬೀಗ ಹಾಕಿಸಿದ್ದೂ ಮೆಟಿಲ್ಡಾಳೇ.

ಅವಳು ತೀರಿಕೊಂಡು ಮೂರು ವರ್ಷವಾಗಿತ್ತು. ಫೋಟೋಗಳಿದ್ದವು, ಬೇಕಾದಷ್ಟು. ದನಿ ಇರಲಿಲ್ಲ. ಅವಳ ಫೋನು ಆಸ್ಪತ್ರೆಯ ಗಡಿಬಿಡಿಯಲ್ಲಿ ನೀರಿಗೆ ಬಿದ್ದು ಅದರಲ್ಲಿದ್ದದ್ದೆಲ್ಲ ಹೋಗಿತ್ತು. ಮೊದಲ ವರ್ಷ ಲಾಜರಸ್ಸನಿಗೆ ಅದರ ಕೊರತೆ ಗೊತ್ತಾಗಿರಲಿಲ್ಲ. ಬಾಗಿಲು ತೆರೆದರೆ ಸಾಕು, ಒಳಗಿನಿಂದ ಕರೆದ ಹಾಗಾಗುತ್ತಿತ್ತು. ಈಗೀಗ ಮಾತು ನೆನಪಾಗುತ್ತಿತ್ತೇ ಹೊರತು ದನಿ ನೆನಪಾಗುತ್ತಿರಲಿಲ್ಲ. ಹಿಂದಿನ ವಾರ ಶಿರ್ವದಿಂದ ಮಗಳು ಜೀನಾ ಫೋನು ಮಾಡಿದ್ದಳು. ಅವಳು ಏಳು ತಿಂಗಳ ಬಸುರಿ.

"ಡ್ಯಾಡಿ, ಮಮ್ಮಿ ನಗ್ತಿದ್ದದ್ದು ಹೇಗೆ? ನಾನು ಎಷ್ಟು ಟ್ರೈ ಮಾಡಿದ್ರೂ ಕೇಳಿಸ್ತಾನೇ ಇಲ್ಲ."

"ಒಂದು ಜಾಗದಲ್ಲಿ ಉಂಟು ಮಗಾ," ಎಂದಿದ್ದ ಅವನು. "ಬರುವಾಗ ತರ್ತೇನೆ."

ಅವನು ಊರಿಗೆ ಹೊರಡಲು ಇನ್ನು ಹನ್ನೆರಡು ದಿನ. ಕೆಲಸ ಮುಗಿಯುತ್ತ ಬಂದಿತ್ತು, ವಾಸದ ಪರವಾನಗಿಯ ಇಕಾಮಾ ಒಪ್ಪಿಸಿ, ದೇಶ ಬಿಟ್ಟು ಹೋಗುವ ಫೈನಲ್ ಎಕ್ಸಿಟ್ ಪಡೆಯುವುದಷ್ಟೇ ಬಾಕಿ. ಕಳ್ಳತನದಲ್ಲಿ ಸಿಕ್ಕಿಬಿದ್ದರೆ ಅದೂ ನಿಲ್ಲುತ್ತದೆ. ಈಗಾಗಲೇ ಆ ಕ್ಯಾಸೆಟ್ ಕೇಳಿ ಅರ್ಜಿ ಹಾಕಿದವನು ಅವನೊಬ್ಬನೇ. ಅರವತ್ತಮೂರು ಕಾಣೆಯಾದರೆ ಯಾರ ಬಾಗಿಲು ಬಡಿಯಬೇಕೆಂದು ಯೋಚಿಸುವ ಅಗತ್ಯವೇ ಯಾರಿಗೂ ಇರುವುದಿಲ್ಲ. ಆದ್ದರಿಂದ ಅದು ಕಾಣೆಯಾಗಬಾರದು. ಅದರ ಜಾಗದಲ್ಲಿ ಇನ್ನೊಂದು ಕೂರಬೇಕು.

ಆ ಸಿನಿಮಾಗಳಿಂದ ಅವನು ಒಂದು ಪಾಠ ಕಲಿತಿದ್ದ. ಅವುಗಳಲ್ಲಿ ಉಪಾಯ ಎಂದೂ ಕೆಟ್ಟದ್ದಾಗಿರುತ್ತಿರಲಿಲ್ಲ, ಪಾಲುದಾರರು ಕೆಡಿಸುತ್ತಿದ್ದರು. ಒಬ್ಬ ಕುಡಿದು ಬಾಯಿಬಿಡುತ್ತಾನೆ, ಒಬ್ಬಳಿಗೆ ಕನಿಕರ ಹುಟ್ಟುತ್ತದೆ. ಮೆಟಿಲ್ಡಾ ಹೆಂಗಸರಿಗೆ ಹೇಳುತ್ತಿದ್ದಳಲ್ಲ, "ಕದ್ದವ ಸಿಕ್ಕಿ ಬೀಳುವುದಿಲ್ಲ, ಕದ್ದದ್ದನ್ನು ಹೇಳಿದವ ಸಿಕ್ಕಿ ಬೀಳುವುದು. ನಾನಾದ್ರೆ ಗಂಡನಿಗೂ ಹೇಳ್ಲಿಕ್ಕಿಲ್ಲ!" ಲಾಜರಸ್ ಯಾರಿಗೂ ಹೇಳದಿರಲು ನಿರ್ಧರಿಸಿದ. ಜೀನಾಳಿಗೂ ಇಲ್ಲ, ಕ್ಲಬ್ ಖಾಲಿಮಾಡುವ ಗುತ್ತಿಗೆ ಹಿಡಿದ ಯಹ್ಯಾನಿಗೂ ಇಲ್ಲ. ಭಟ್ಕಳದ ಯಹ್ಯಾ ಇಪ್ಪತ್ತು ವರ್ಷದ ಪರಿಚಯ, ಅವನ ಹೆಂಡತಿ ಝೀನತ್ ಮೆಟಿಲ್ಡಾಳ ಜೀವದ ಗೆಳತಿ. ಅದಕ್ಕೇ ಹೇಳಬಾರದು. ಕನಿಕರದಷ್ಟು ಅಪಾಯದ ಪಾಲುದಾರ ಬೇರೆ ಇಲ್ಲ.

ಬದಲಿಗೆ ಇಡುವ ಕ್ಯಾಸೆಟ್ ಮನೆಯಲ್ಲೇ ಸಿಕ್ಕಿತು. ಮೆಟಿಲ್ಡಾಳ ಸೀರೆಗಳ ಕೆಳಗೆ ಐದು ಇದ್ದವು. ನಾಲ್ಕರ ಮೇಲೆ ಅವಳ ದುಂಡು ಅಕ್ಷರ: ಮದುವೆ, ಜೀನಾಳ ಬ್ಯಾಪ್ಟಿಸಮ್, ಮೊದಲ ಪರಮಪ್ರಸಾದ, ಶಿರ್ವದ ಮನೆಯ ಒಕ್ಕಲು. ಐದನೆಯದರ ಮೇಲೆ ಏನೂ ಬರೆದಿರಲಿಲ್ಲ. ಬೆನ್ನಿನ ಮೇಲೆ ಹಿಂದೆಂದೋ ಚೀಟಿ ಅಂಟಿಸಿದ್ದ ಗೋಂದಿನ ಚೌಕ ಮಾತ್ರ ಇತ್ತು, ಅದೂ ಕ್ಲಬ್ಬಿನ ಚೀಟಿಯಷ್ಟೇ ಅಗಲ. ದೇವರೇ ಅಳತೆ ಮಾಡಿ ಕೊಟ್ಟಂತೆ ಅವನಿಗೆ ಕಂಡಿತು. ಹಾಕಿ ನೋಡಲು ಪ್ಲೇಯರ್ ಇರಲಿಲ್ಲ. ಮನೆಯದು ಕೆಟ್ಟು ಹತ್ತು ವರ್ಷವಾಗಿತ್ತು. ಖೋಬರಿನ ರಿಪೇರಿ ಅಂಗಡಿಯ ಸಾದುಲ್ಲಾನಿಗೆ ಕೊಟ್ಟಾಗ ಅವನು, "ಇದರ ಬೆಲ್ಟು ಹುಡುಕಿ ತರಬೇಕು, ಶನಿವಾರ ಬನ್ನಿ" ಎಂದಿದ್ದ. ಕ್ಯಾಸೆಟ್‌ಗಳು ಪುಡಿಯಾಗುವುದು ಗುರುವಾರ. ಖಾಲಿ ಕ್ಯಾಸೆಟ್ಟನ್ನು ನೋಡುವುದೇನಿದೆ ಎಂದು ಅವನು ಬಿಟ್ಟುಬಿಟ್ಟ.

ಒಂದೇ ಒಂದು ಕುಂದು ಅವನ ಕಣ್ಣಿಗೆ ಬಿತ್ತು. ಅದನ್ನು ಕಂಡುಹಿಡಿದುದಕ್ಕೆ ತನ್ನ ಬೆನ್ನು ತಾನೇ ತಟ್ಟಿಕೊಂಡ. ಕ್ಯಾಸೆಟ್ಟಿನ ಮೂಲೆಯಲ್ಲಿ ಹೆಸರುಕಾಳಿನಷ್ಟು ದೊಡ್ಡ ಕೆಂಪು ಬೊಟ್ಟಿತ್ತು.

ಅದು ನೈಲ್‌ಪಾಲಿಶ್. ಶುಕ್ರವಾರದ ಕೂಡೂಟಕ್ಕೆ ಹತ್ತು ಮನೆಯ ಪಾತ್ರೆಗಳು ಒಂದೇ ಮೇಜಿನ ಮೇಲೆ ಬೆರೆತುಹೋಗುತ್ತಿದ್ದ ಕಾಲದಲ್ಲಿ ಹೆಂಗಸರು ಒಬ್ಬೊಬ್ಬರು ಒಂದೊಂದು ಬಣ್ಣ ಹಂಚಿಕೊಂಡಿದ್ದರು. ಝೀನತ್‌ಳದು ಬೆಳ್ಳಿ, ಮೆಟಿಲ್ಡಾಳದು ಕೆಂಪು. ಬಿರಿಯಾನಿ ಪಾತ್ರೆಯ ತಳದಲ್ಲಿ, ಸಾನ್ನಣ ಇಡ್ಲಿಯ ಡಬ್ಬದ ಮುಚ್ಚಳದಲ್ಲಿ, ಜೀನಾಳ ಶಾಲೆಯ ನೀರಿನ ಬಾಟ್ಲಿಯಲ್ಲಿ, ಕೊನೆಗೆ ಲಾಜರಸ್ಸನ ಹೆಲ್ಮೆಟ್ಟಿನ ಒಳಗೂ ಕೆಂಪು ಬೊಟ್ಟು. ಸೈಟಿನಲ್ಲಿ ನಗಾಡಿದವರಿಗೆ ಅವನು, "ಹೆಂಡತಿ ನನ್ನನ್ನೂ ಪಾತ್ರೆಯ ಲೆಕ್ಕದಲ್ಲಿ ಇಟ್ಟಿದ್ದಾಳೆ" ಎನ್ನುತ್ತಿದ್ದ. ಕೆಂಪು ಬೊಟ್ಟು ಯಾರ ಮನೆಯದೆಂದು ಕ್ಯಾಂಪಿನಲ್ಲಿ ಗೊತ್ತಿಲ್ಲದವರಿರಲಿಲ್ಲ. ಯಹ್ಯಾ ನೋಡಿದರೆ ಕ್ಷಣದಲ್ಲಿ ಗುರುತಿಸುತ್ತಾನೆ. ಲಾಜರಸ್ ಮೆಟಿಲ್ಡಾಳ ಡ್ರಾಯರಿನಿಂದ ನೈಲ್‌ಪಾಲಿಶ್ ಅಳಿಸುವ ಬಾಟ್ಲಿ ತೆಗೆದ. ತಳದಲ್ಲಿ ಸ್ವಲ್ಪ ಉಳಿದಿತ್ತು. ಹತ್ತಿಯಲ್ಲಿ ಅದ್ದಿ ಮೆಲ್ಲಗೆ ಉಜ್ಜಿ, ಅಂಚಿನಲ್ಲಿ ಉಳಿದದ್ದನ್ನು ಉಗುರಿನಿಂದ ಕೆರೆದ. ಕೆಂಪು ಹೋಯಿತು. ಗುರುತು ಅಳಿಸಿದ ಮೇಲೆ ಕ್ಯಾಸೆಟ್ ಯಾರದೂ ಅಲ್ಲದ್ದಾಯಿತು.

ಉಳಿದದ್ದು ಅವನ ಕೈಕಸುಬು. ಬೀರುವಿನ ಮುಂಬಾಗಿಲಿಗೆ ಆಫೀಸಿನವರು ಮೊಹರಿನ ಕಾಗದ ಅಂಟಿಸಿದ್ದರು. ಹಿಂಬದಿಗೆ ಬರೀ ತಗಡು, ಎಂಟು ಸ್ಕ್ರೂ. ಅಡುಗೆಮನೆಯ ಕಪಾಟಿನ ಮೇಲೆ ಅಭ್ಯಾಸ ಮಾಡಿದ. ಅನ್ನ ಬೇಯುವ ಹೊತ್ತಿನಲ್ಲಿ ಮೂರು ಸಲ ಬಿಚ್ಚಿ ಮೂರು ಸಲ ಹಾಕಿದ. ಕ್ಲಬ್ಬಿನ ಹೊಗೆ ಪತ್ತೆಯ ಯಂತ್ರಗಳನ್ನು ಕೆಡವುವ ಮೊದಲು ಪರೀಕ್ಷಿಸಬೇಕಿತ್ತು, ಆ ಕೆಲಸವನ್ನು ತಾನೇ ಕೇಳಿ ಬರೆಸಿಕೊಂಡ. ಮಂಗಳವಾರ ಕಾವಲಿನವನು ಮಧ್ಯಾಹ್ನದ ನಮಾಜಿಗೆ ಹೋದಾಗ ಏಣಿ, ಪರವಾನಗಿ ಚೀಟಿ, ಚೀಲದಲ್ಲಿ ಮೆಟಿಲ್ಡಾಳ ಹೇರ್ ಡ್ರೈಯರ್, ಎಲ್ಲದರೊಂದಿಗೆ ಅವನು ಒಳಗಿದ್ದ. ಟೈ ಕಟ್ಟಿಕೊಳ್ಳಲಿಲ್ಲವಲ್ಲ ಎಂದು ನೆನಪಾಗಿ, ಮೂರು ವರ್ಷದಲ್ಲಿ ಮೊದಲ ಸಲ ಒಬ್ಬನೇ ನಕ್ಕ.

ತಗಡು ಕಳಚಿತು. ಅರವತ್ತಮೂರು ತನ್ನ ಜಾಗದಲ್ಲೇ ಇತ್ತು. ಬಿಸಿಗಾಳಿ ಹಿಡಿಯುವ ಮೊದಲೇ ಅದರ ಚೀಟಿ ಎದ್ದುಬಂತು, ಹಿಂದೊಮ್ಮೆ ಎದ್ದು ಅಭ್ಯಾಸವಿದ್ದಂತೆ. ಹಳೆಯ ಗೋಂದು, ಒಣಗಿದೆ ಎಂದುಕೊಂಡ. ಮನೆಯಿಂದ ತಂದದ್ದರ ಬೆನ್ನಿನ ಚೌಕದಲ್ಲಿ ಚೀಟಿ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿತು. ಹದಿನೇಳು ನಿಮಿಷದಲ್ಲಿ ಎಲ್ಲ ಮುಗಿಸಿ, ಅವನು ಏಣಿಯ ಮೇಲೆ ನಿಂತು ಹೊಗೆಯಂತ್ರದ ಗುಂಡಿ ಒತ್ತುತ್ತಿದ್ದ.

ಗುರುವಾರ ಬೆಳಿಗ್ಗೆ ಅವನು ಬೇಕೆಂದೇ ಕ್ಲಬ್ಬಿನ ಅಂಗಳಕ್ಕೆ ಹೋದ. ಕಳೆದುಕೊಂಡವನು ನೋಡಲು ಬರುವುದು ಸಹಜ; ಬರದಿದ್ದರೇ ಸಂಶಯ. ಪುಡಿಮಾಡುವ ಯಂತ್ರ ಲಾರಿಯ ಮೇಲೆ ಕರಕರ ಎನ್ನುತ್ತಿತ್ತು. ಆಫೀಸಿನವ ನೆರಳಿನಲ್ಲಿ ಪಟ್ಟಿ ಹಿಡಿದು ಕೂತಿದ್ದ. ಯಹ್ಯಾ ಒಂದೊಂದೇ ನಂಬರು ಕೂಗಿ ಕ್ಯಾಸೆಟ್ ಎಸೆಯುತ್ತಿದ್ದವನು ಅರವತ್ತೆರಡರ ನಂತರ ಯಂತ್ರ ನಿಲ್ಲಿಸಿದ. ಮುಂದಿನ ಕ್ಯಾಸೆಟ್ ಹಿಡಿದು ಹತ್ತಿರ ಬಂದ.

"ಲಾಜರಸ್ ಭಾಯಿ, ಅಕ್ಕನದು ಇದೇ ಅಲ್ವಾ?"

ಲಾಜರಸ್ ತಲೆಯಾಡಿಸಿದ.

"ಹಿಡ್ಕೊಳ್ಳಿ." ಯಹ್ಯಾ ಅದನ್ನು ಅವನ ಕೈಯಲ್ಲಿಟ್ಟು ದನಿ ಇಳಿಸಿದ. "ಆ ಮಾರಾಯ ಫೋನು ನೋಡ್ತಾ ಇದ್ದಾನೆ. ನೀವು ಚೀಲಕ್ಕೆ ಹಾಕಿ ಸುಮ್ಮನೆ ನಡೀರಿ. ನನ್ನ ಗಾಡಿಯಲ್ಲಿ ಹಳೇ ಕ್ಯಾಸೆಟ್ ಒಂದುಂಟು, ಅದನ್ನೇ ಎಸೀತೇನೆ. ಝೀನತ್ ಬೆಳಿಗ್ಗೆಯೇ ಕೊಟ್ಟು ಕಳಿಸಿದ್ದು. ಅಕ್ಕನ ದನಿಯನ್ನು ಪುಡಿ ಮಾಡಿ ಬಂದ್ರೆ ಮನೆಗೆ ಬರ್ಬೇಡಿ ಅಂದಿದ್ದಾಳೆ."

ಲಾಜರಸ್ಸನ ಕಣ್ಣು ತುಂಬಿತು. ಇದೇ ಆ ಕನಿಕರ, ಇದನ್ನೇ ಅವನು ಲೆಕ್ಕ ಹಾಕಿದ್ದು. ಅಸಲಿ ಕ್ಯಾಸೆಟ್ ಆಗಲೇ ಅವನ ಸೂಟ್‌ಕೇಸಿನ ತಳದಲ್ಲಿದೆ. ಏನೂ ಇಲ್ಲದ ಒಂದು ಡಬ್ಬಕ್ಕಾಗಿ ಯಹ್ಯಾನ ಗುತ್ತಿಗೆಗೆ ಯಾಕೆ ಕುತ್ತು ತರಬೇಕು?

"ಬೇಡ ಯಹ್ಯಾ. ನಿಮ್ಗೆ ತೊಂದ್ರೆ ಆಗ್ತದೆ. ಹೋದವಳು ಹೋದಳು."

"ಎಂತ ತೊಂದ್ರೆ ಮಾರಾಯ್ರೆ? ಒಂದು ಸಲ ಯೋಚ್ನೆ ಮಾಡಿ."

"ಯೋಚ್ನೆ ಮಾಡಿಯೇ ಹೇಳಿದ್ದು."

ಯಹ್ಯಾನಿಗೆ ಎಸೆಯಲು ಮನಸ್ಸು ಬರಲಿಲ್ಲ. ಅದನ್ನು ಮರಳಿ ತೆಗೆದುಕೊಳ್ಳಲು ಕೈ ನೀಡಲೇ ಇಲ್ಲ. ಆಗ ಲಾಜರಸ್ ತಾನೇ ಲಾರಿಯ ಮೆಟ್ಟಿಲು ಹತ್ತಿ, ಒಬ್ಬ ವಿಧುರ ಎಷ್ಟು ಹೊತ್ತು ನಿಲ್ಲಬೇಕೋ ಅಷ್ಟು ಹೊತ್ತು ನಿಂತು, ಕ್ಯಾಸೆಟ್ಟನ್ನು ಯಂತ್ರದ ಬಾಯಿಗೆ ಬಿಟ್ಟ. ಯಂತ್ರ ಚಾಲೂ ಆಯಿತು. ಕಂದು ಬಣ್ಣದ ರೀಲು ಒಂದು ಗಳಿಗೆ ಗಾಳಿಯಲ್ಲಿ ಉದ್ದಕ್ಕೆ ಹಾರಿ ಒಳಗೆ ಹೋಯಿತು. ಯಹ್ಯಾ ಮುಖ ತಿರುಗಿಸಿಕೊಂಡು ಕಣ್ಣೊರೆಸಿದ. ಪಾಪ, ಊರಿಗೆ ಹೋದ ಮೇಲೆ ಒಂದು ದಿನ ಫೋನು ಮಾಡಿ ಇವನಿಗೂ ಅವಳ ನಗು ಕೇಳಿಸಬೇಕು ಎಂದುಕೊಂಡ ಲಾಜರಸ್.

ಶನಿವಾರ ಮಧ್ಯಾಹ್ನ ಅವನು ಪ್ಲೇಯರ್ ತಂದು ಟಿವಿಗೆ ಜೋಡಿಸಿದ. ಸ್ನಾನ ಮಾಡಿ ಇಸ್ತ್ರಿಯ ಶರ್ಟು ಹಾಕಿದ. ಜೀನಾಳಿಗೆ ವೀಡಿಯೊ ಕರೆ ಮಾಡಿ, ಏನೆಂದು ಹೇಳದೆ, ಫೋನನ್ನು ಟಿವಿಯ ಎದುರು ಒರಗಿಸಿಟ್ಟ. "ಕೇಳು ಮಗಾ" ಎಂದು ಗುಂಡಿ ಒತ್ತಿದ. ಪರದೆಯಲ್ಲಿ ಗೆರೆಗಳು ಓಡಿದವು, ನಿಂತವು. ಬಂದದ್ದು ಬಣ್ಣದ ಚಿತ್ರ. ಒಂದು ಹಳದಿ ಮೊಲ ಅರಬ್ಬಿಯಲ್ಲಿ ಹಾಡುತ್ತ ಕ್ಯಾರೆಟ್ಟಿನ ಹಿಂದೆ ಓಡುತ್ತಿತ್ತು. ಫೋನಿನಲ್ಲಿ ಜೀನಾ ಚಿಕ್ಕ ಹುಡುಗಿಯಂತೆ ಕಿರುಚಿದಳು.

"ಡ್ಯಾಡಿ! ಇದು ನನ್ನ ಮೊಲದ ಕ್ಯಾಸೆಟ್! ಕಳೆದುಹೋಯ್ತು ಅಂತ ನಾನು ಎರಡು ದಿನ ಊಟ ಬಿಟ್ಟಿದ್ದೆ, ಇಲಿ ಕೊಂಡುಹೋಯ್ತು ಅಂತ ಮಮ್ಮಿ ಹೇಳಿದ್ದು. ಎಲ್ಲಿ ಸಿಕ್ಕಿತು?"

ಅರವತ್ತಮೂರರ ಚೀಟಿಯನ್ನು ಹಿಂದೊಮ್ಮೆ ಎಬ್ಬಿಸಿ ಮೊಲದ ಕ್ಯಾಸೆಟ್ಟಿಗೆ ಅಂಟಿಸಿದ ಕೈ ಯಾರದೆಂದು ಲಾಜರಸ್ಸನಿಗೆ ಹೊಳೆಯಿತು. ಎದ್ದು ಹೋಗಿ ಸೀರೆಗಳ ಕೆಳಗಿನ ನಾಲ್ಕು ಕ್ಯಾಸೆಟ್‌ಗಳನ್ನು ಮಂಚದ ಮೇಲೆ ಸಾಲಾಗಿ ಇಟ್ಟ. ಮದುವೆಯದನ್ನು ತಿರುಗಿಸಿ ನೋಡಿದ. ಬ್ಯಾಪ್ಟಿಸಮ್ಮಿನದನ್ನು, ಪರಮಪ್ರಸಾದದ್ದನ್ನು, ಒಕ್ಕಲಿನದನ್ನು ಎಲ್ಲ ಬದಿಗೂ ತಿರುಗಿಸಿ ನೋಡಿದ. ಒಂದರ ಮೇಲೂ ಕೆಂಪು ಬೊಟ್ಟು ಇರಲಿಲ್ಲ. ಹೇಗಿದ್ದೀತು? ಮನೆಯೊಳಗೇ ಇರುವ ವಸ್ತುವಿಗೆ ಮೆಟಿಲ್ಡಾ ಎಂದೂ ಬೊಟ್ಟು ಇಟ್ಟವಳಲ್ಲ. ಹೊರಗೆ ಹತ್ತು ಮನೆ ಸುತ್ತಿ, ತಪ್ಪದೆ ತನ್ನ ಮನೆಗೆ ವಾಪಸು ಬರಬೇಕಾದದ್ದಕ್ಕೆ ಮಾತ್ರ ಇಡುತ್ತಿದ್ದಳು.