ಚಪ್ಪಲಿ ಅಂಗಡಿಯ ಗಾಳಿ ಪರೀಕ್ಷೆ

ಅವನು ನನ್ನ ಮುಖವನ್ನೇ ನೋಡುತ್ತಿದ್ದ. ನೋಡಲಿ ಎಂದು ನಾನೂ ಸುಮ್ಮನೆ ನಿಂತೆ.

ಮುಂಬಾಗಿಲಿಗೆ ಕಟ್ಟಿದ್ದ ದೊಡ್ಡ ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆಳೆಯುತ್ತ ಗುಂಯ್‌ಗುಡುತ್ತಿತ್ತು. ನನ್ನ ಹಣೆಯ ಮೇಲೆ ಎರಡು ಕೂದಲು ಹಾರಾಡುತ್ತಿದ್ದವು. ಅವನ ಕಣ್ಣು ಅಲ್ಲಿಂದ ಕದಲಲಿಲ್ಲ. ನನ್ನ ಕೆನ್ನೆ ಬಿಸಿಯಾಯಿತು.

“ಅಲ್ಲೇ ಇರಿ ಮೇಡಂ, ಅಲ್ಲಾಡಬೇಡಿ,” ಎಂದು ಮೆಲ್ಲಗೆ ಹತ್ತಿರ ಬಂದ. ಕೈ ಚಾಚಿದ. ಆ ಕೈ ನನ್ನ ಕಿವಿಯ ಪಕ್ಕದಿಂದ ಹಾದು ಹಿಂದಿನ ಗೋಡೆ ಮುಟ್ಟಿತು. “ಇಲ್ಲೊಂದು ಸಂದಿ ಇದೆ, ಹೊರಗಿನ ಗಾಳಿ ಒಳಗೆ ನುಗ್ತಿದೆ. ನಿಮ್ಮ ಕೂದಲು ಹಾರೋದು ನೋಡಿ ಗೊತ್ತಾಯ್ತು.”

ಇಂಥವನನ್ನು ಏನು ಮಾಡಬೇಕು, ನೀವೇ ಹೇಳಿ.

ಚಿಕ್ಕಪ್ಪ ಚಪ್ಪಲಿ ಅಂಗಡಿ ಮುಚ್ಚಿ ಕಟ್ಟಡವನ್ನು ನನಗೆ ಕೊಟ್ಟಾಗ, ಒಂದು ಅಡುಗೆಕಟ್ಟೆ ಹಾಕಿಸಿ ಬಣ್ಣ ಬಳಿಸಿದರೆ ಮನೆಯಾಯಿತು ಎಂದುಕೊಂಡಿದ್ದೆ. ಅಂಗಡಿ ಮನೆಯಾಗಬೇಕಾದರೆ ಇಂಧನ ಉಳಿತಾಯದ ನಿಯಮಗಳಿವೆ, ಈ ಚಳಿಯೂರಿನಲ್ಲಿ ಒಳಗಿನ ಬಿಸಿ ಹೊರಗೆ ಸೋರಬಾರದು ಎಂದು ಈ ಇನ್ಸ್‌ಪೆಕ್ಟರ್ ಬಂದು ಹೇಳಿದ. ಇವನ ಸಹಿಯಿಲ್ಲದೆ ಅಲ್ಲಿ ವಾಸ ಮಾಡುವ ಹಾಗಿಲ್ಲ. ಗಾಳಿ ಸಾಹೇಬ ಎಂದು ನಾನು ಹೆಸರಿಟ್ಟೆ. ಮುಂದಿನ ಗಾಜು ಎರಡು ಪದರದ್ದಿರಬೇಕೆಂದ, ಹಾಕಿಸಿದೆ. ಗೋಡೆಗೆ ದಪ್ಪ ಹೊದಿಕೆ ಬೇಕೆಂದ, ಕೋಣೆಗಳೆಲ್ಲ ಗೇಣುದ್ದ ಚಿಕ್ಕವಾದವು. ಶಟರ್ ಸುತ್ತಿಕೊಳ್ಳುವ ಡಬ್ಬವನ್ನೂ ಕೀಳಿಸಿದೆ. ಬಂದಾಗಲೆಲ್ಲ ಇವನಿಗೆ ಇನ್ನೊಂದು ಸಂದಿ ಸಿಗುತ್ತದೆ.

ಸಹಿ ಸಿಗುವವರೆಗೆ ಅಣ್ಣನ ಮನೆಯ ಸೋಫಾವೇ ನನಗೆ ಹಾಸಿಗೆ. ಅತ್ತಿಗೆ ಒಳ್ಳೆಯವಳೇ. ಆದರೆ ಈಚೆಗೆ “ನಿನ್ನ ಮನೆ ಎಲ್ಲಿಗೆ ಬಂತು?” ಎಂದು ಕೇಳುವಾಗ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಾಳೆ.

“ಒಂದು ಸಂದಿಗೋಸ್ಕರ ನನ್ನನ್ನ ಮತ್ತೆ ಸೋಫಾ ಮೇಲೆ ಮಲಗಿಸ್ತೀರಾ?” ಎಂದು ರೇಗಿದೆ.

“ನಿಯಮ ನಮ್ಮಪ್ಪ ಮಾಡಿದ್ದಲ್ಲ ಮೇಡಂ. ಇದನ್ನ ಮುಚ್ಚಿಸಿ. ಮುಂದಿನ ವಾರ ಮತ್ತೆ ಪರೀಕ್ಷೆ.”

“ಆಗಲೂ ನೀವೇ ಬರ್ತೀರಲ್ಲ?”

ಸಿಟ್ಟಿನಿಂದ ಕೇಳಿದೆ ಎಂದೇ ನಾನು ಅಂದುಕೊಂಡಿದ್ದೆ. ಅವನು ತಲೆ ತಗ್ಗಿಸಿ ಫ್ಯಾನ್ ಬಿಚ್ಚತೊಡಗಿದ.

ಸಂದಿ ಮುಚ್ಚಿಸಿದೆ. ಮುಂದಿನ ವಾರ ತಲೆ ನೀಟಾಗಿ ಬಾಚಿ, ಬೇಕೆಂದೇ ಎರಡು ಕೂದಲನ್ನು ಹಣೆಯ ಮೇಲೆ ಬಿಟ್ಟುಕೊಂಡು ಕಾದೆ. ಬಂದವರು ಬೇರೆ ಇನ್ಸ್‌ಪೆಕ್ಟರ್, ನಡುವಯಸ್ಸಿನ ಹೆಂಗಸು. ಫ್ಯಾನ್ ಗುಂಯ್‌ಗುಟ್ಟಿತು. ಕೂದಲು ಅಲ್ಲಾಡಲಿಲ್ಲ.

“ಪಾಸ್,” ಎಂದರು.

ಕುಣಿಯಬೇಕಿತ್ತು, ಅಳು ಬಂತು. ಇನ್ನು ಅವನು ಬರಲು ಈ ಮನೆಯಲ್ಲಿ ಒಂದು ಸಂದಿಯೂ ಉಳಿದಿರಲಿಲ್ಲ.

“ಅವರ್ಯಾಕೆ ಬರಲಿಲ್ಲ?”

“ಈ ಮನೆ ನನಗೆ ಬೇಡ, ನೀವು ಹೋಗಿ ಅಂದ್ರು. ನಮ್ಮವರ ಮನೆಗೆ ನಾವೇ ಸಹಿ ಹಾಕೋ ಹಾಗಿಲ್ಲ, ಅದೂ ನಿಯಮಾನೇ.” ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. “ನೀವು ಅವರಿಗೆ ಏನಾಗ್ಬೇಕು?”

ನನಗೇ ಗೊತ್ತಿಲ್ಲದ ನೆಂಟಸ್ತಿಕೆ!

ಅವರನ್ನು ಕಳಿಸಲು ಬಾಗಿಲು ತೆಗೆದರೆ, ಎದುರಿನ ಬಸ್ ಸ್ಟಾಪಿನಲ್ಲಿ ಗಾಳಿ ಸಾಹೇಬ ನಿಂತಿದ್ದ. ಬಸ್ಸು ಬಂತು, ಹೋಯಿತು. ಅವನು ಹತ್ತಲಿಲ್ಲ. ನಾನು ಕೈ ಮಾಡಿ ಕರೆದೆ.

“ನನ್ನನ್ನ ಒಂದು ಮಾತೂ ಕೇಳದೆ ನಿಮ್ಮವಳನ್ನಾಗಿ ಮಾಡ್ಕೊಂಡ್ರಾ?”

ಹೊಸ್ತಿಲಾಚೆಯೇ ನಿಂತು ತಲೆ ತಗ್ಗಿಸಿದ. “ಅವತ್ತು ಸಂದಿ ಕಂಡಿದ್ದು ಆಮೇಲೆ. ಮೊದಲು ನಿಮ್ಮನ್ನೇ ನೋಡ್ತಾ ನಿಂತಿದ್ದೆ, ಫ್ಯಾನಿನ ಮೀಟರ್ ಕಡೆ ಕಣ್ಣೇ ಹೋಗಲಿಲ್ಲ. ಅಂಥವನು ಇಲ್ಲಿ ಸಹಿ ಹಾಕೋದು ತಪ್ಪಲ್ವಾ? ನಿಮಗೆ ಇಷ್ಟ ಇಲ್ಲ ಅಂದ್ರೆ ಮುಂದಿನ ಬಸ್ಸಿಗೆ ಹೋಗ್ತೀನಿ.”

ಇಷ್ಟು ದಿನ ನನ್ನ ಜೀವ ತಿಂದು ಈಗ ಬಸ್ಸಂತೆ, ಬಸ್ಸು. ಬೀದಿಯಿಂದ ಚಳಿಗಾಳಿ ನುಗ್ಗಿ ನನ್ನ ಕೂದಲು ಹಾರಿತು. ಅವನು ತಲೆಯೆತ್ತಿ ನೋಡಿದ. ಈ ಸಲ ನನ್ನ ಹಿಂದೆ ಯಾವ ಸಂದಿಯೂ ಇರಲಿಲ್ಲ.

“ಬಾಗಿಲಲ್ಲಿ ಎಷ್ಟೊತ್ತು ನಿಲ್ತೀರಾ?” ಎಂದೆ. “ಇದ್ದ ಬಿಸಿಯೆಲ್ಲ ಹೊರಗೆ ಹೋಗ್ತಿದೆ. ಒಳಗೆ ಬನ್ನಿ.”