ಕಹಳೆ ಕಾಣೆ, ಆನೆ ಹಾಜರು

ಲಕ್ಕೂರಿನ ಮುನಿಯಲ್ಲಪ್ಪ ಒಮ್ಮೆ ಟ್ರಂಪೆಟ್ ಊದಿದನೆಂದರೆ ಕೋಲಾರದ ಮಂಡಿಯಲ್ಲಿದ್ದ ಟೊಮೆಟೊ ಕಾಯಿಗಳೆಲ್ಲ ಕ್ರೇಟಿನಲ್ಲೇ ಹಣ್ಣಾಗುತ್ತಿದ್ದವು. ಇಂಥ ಮಹಾನುಭಾವನಿಗೆ ಬ್ಯಾಂಡ್ ಮೇಷ್ಟ್ರು ಚನ್ನರಾಯಪ್ಪ, "ನಿಂಗೆ ಉಸಿರು ಹೋಯ್ತು ಕಣೋ. ಮುಂದಿನ ಮದುವೆಯಿಂದ ಲೈಟ್ ಹೊರು," ಎಂದುಬಿಟ್ಟಿದ್ದ. ಈ ತನಿಖೆ ನಡೆದದ್ದು ಅದೇ ವಾರ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಾಲೂರಿನ ಠಾಣೆಗೆ ಕೋದಂಡರಾಮಪ್ಪ ಬಂದರು. ನಿವೃತ್ತ ಅಕೌಂಟೆಂಟ್, ನೂರೈವತ್ತು ವರ್ಷ ಹಳೆಯ ಬ್ಯಾಂಡ್ ವಾದ್ಯಗಳನ್ನು ಕೂಡಿಡುವುದೇ ಅವರ ಹುಚ್ಚು. ಮನೆಯಲ್ಲಿ ಜಾಗ ಸಾಲದೆ ಅವರ ಹೆಂಡತಿ ಡ್ರಮ್ಮಿನೊಳಗೆ ಮಲಗುತ್ತಿದ್ದರಂತೆ.

"ಏನು ಹೋಯ್ತು?" ಇನ್‌ಸ್ಪೆಕ್ಟರ್ ನಂದಿತಾ ಕೇಳಿದರು.

"ಬೊಂಬಾರ್ಡನ್ ಮೇಡಂ. ಬಿಳಿಯರ ಕಾಲದ ಹಿತ್ತಾಳೆ ಕಹಳೆ. ಬಾಯೊಳಗೆ ಮಗು ಕೂರಿಸಬಹುದು, ಅಷ್ಟು ದೊಡ್ಡದು."

"ಕೊನೇ ಸಲ ಊದಿದ್ದು ಯಾವಾಗ?"

"ಛೆ, ಊದೋದಾ? ಅದರ ಮುಂದೆ ನಾನು ಜೋರಾಗಿ ಸೀನಿದ್ದೂ ಇಲ್ಲ!"

ಎಫ್‌ಐಆರ್ ದಾಖಲಾಯಿತು. ಹಿಂದಿನ ದಿನ ಅವರ ಹೊಸ ಮನೆಯ ಗೃಹಪ್ರವೇಶಕ್ಕೆ ಚನ್ನರಾಯಪ್ಪನ ಬ್ಯಾಂಡ್ ಸೆಟ್ ಬಂದಿತ್ತು. ಬ್ಯಾಂಡಿನವರ ಸಾಲಿನಲ್ಲಿ ಕಹಳೆ ಹೊತ್ತು ಹೋಗುವವನನ್ನು ಯಾರು ತಡೆಯುತ್ತಾರೆ?

ಅಷ್ಟರಲ್ಲಿ ಲಕ್ಕೂರಿನ ಆದಿಲಕ್ಷ್ಮಮ್ಮ ಓಡಿ ಬಂದರು.

"ಅಯ್ಯೋ ದೇವುಡಾ! ಬೆಳಗ್ಗೆ ನಮ್ಮ ಟೊಮೆಟೊ ತೋಟಕ್ಕೆ ಆನೆ ಬಂದಿತ್ತು ಮೇಡಂ. ಅದು ಘೀಳಿಟ್ಟಿದ್ದಕ್ಕೆ ಹಸು ಹಾಲೇ ಕೊಡ್ತಿಲ್ಲ."

"ಕಣ್ಣಾರೆ ನೋಡಿದ್ರಾ?"

"ನೋಡ್ತಾ ನಿಂತಿದ್ರೆ ನಾನಿಲ್ಲಿ ಇರ್ತಿದ್ನಾ?"

ತೋಟದಲ್ಲಿ ಹೆಜ್ಜೆ ಗುರುತಿಲ್ಲ, ಲದ್ದಿಯಿಲ್ಲ, ಒಂದು ಗಿಡವೂ ಮುರಿದಿರಲಿಲ್ಲ.

"ಇಷ್ಟು ನಾಜೂಕಿನ ಆನೆ ನಾನು ನೋಡಿಲ್ಲ ಮೇಡಂ," ಎಂದ ಕಾನ್‌ಸ್ಟೇಬಲ್ ಅಮರನಾಥ್.

"ಆನೆ ಬೇಡ. ಕಹಳೆ ಹುಡುಕಿ," ಎಂದರು ನಂದಿತಾ.

ತೋಟದ ಪಂಪ್‌ಸೆಟ್ ಮನೆಯಲ್ಲೇ ಗೋಣಿಚೀಲ ಹೊದ್ದುಕೊಂಡು ಬೊಂಬಾರ್ಡನ್ ಮಲಗಿತ್ತು. ಪಂಚನಾಮೆ ಮಾಡಿ ವಶಪಡಿಸಿಕೊಂಡರು. ಕದ್ದವನು ಯಾರು? ಆನೆಯ ಘೀಳು ಹೊರಡಿಸಬಲ್ಲವನು. ಸಂಜೆ ಬ್ಯಾಂಡಿನವರೆಲ್ಲರಿಂದ ಠಾಣೆಯಲ್ಲೇ ಊದಿಸಿದರು. ಕೋದಂಡರಾಮಪ್ಪ ಕಣ್ಣು ಮುಚ್ಚಿಕೊಂಡರು.

"ಇದಲ್ಲ, ಇದು ಎಮ್ಮೆ," ಎಂದು ಆದಿಲಕ್ಷ್ಮಮ್ಮ ಒಬ್ಬೊಬ್ಬರನ್ನೇ ಬಿಡುಗಡೆ ಮಾಡಿದರು. ಕೊನೆಗೆ ಉಳಿದವನು ಮುನಿಯಲ್ಲಪ್ಪ.

"ಅವನನ್ನ ಬಿಟ್ಬಿಡಿ ಮೇಡಂ," ಚನ್ನರಾಯಪ್ಪ ನಕ್ಕ. "ಅವನು ಲೈಟ್ ಹೊರೋನು."

"ಹೌದಾ? ಹಂಗಾದ್ರೆ ಮನೆಗೆ ಹೋಗಪ್ಪ."

ಹೋಗಿದ್ದರೆ ಬಚಾವಾಗುತ್ತಿದ್ದ. ಹೋಗಲಿಲ್ಲ. ಕಹಳೆ ಎತ್ತಿ ಊದಿದ ನೋಡಿ! ಠಾಣೆಯ ಹೆಂಚುಗಳು ಹಾರಿದವು, ಲಾಕಪ್ಪಿನ ಬೀಗ ತಾನೇ ಕಳಚಿತು, ಅತ್ತ ಮುಳಬಾಗಿಲಿನಲ್ಲಿ, ಇತ್ತ ಶ್ರೀನಿವಾಸಪುರದಲ್ಲಿ ಬಸ್ಸುಗಳು ನಿಂತಲ್ಲೇ ನಿಂತವು...

"ಲೇ ಮುನಿಯಲ್ಲ, ಸಾಕು ನಿಲ್ಸು," ಹೇಳಿಕೆ ಬರೆದುಕೊಳ್ಳುತ್ತಿದ್ದ ಅಮರನಾಥ್ ಪೆನ್ನು ಕೆಳಗಿಟ್ಟ. "ನಮ್ಮ ಸ್ಟೇಷನ್‌ಗೆ ಹೆಂಚೇ ಇಲ್ಲ ಕಣೋ, ಆರ್‌ಸಿಸಿ. ನಾನೂ ಅಲ್ಲೇ ಇದ್ದೆ. ನಡೆದಿದ್ದು ಹೇಳು."

ಸರಿ. ಮುನಿಯಲ್ಲಪ್ಪ ನಾನೇ. ಊದಿದಾಗ ಪುಸ್ಸೆಂದು ಗಾಳಿ ಬಂತು, ಅಷ್ಟೇ. ಚನ್ನರಾಯಪ್ಪ ಮತ್ತೆ ನಕ್ಕ. ತಡೆಯಲಾಗಲಿಲ್ಲ, ಕಹಳೆಯ ಕೊಳವೆಗೆ ಬಾಯಿಟ್ಟು ಜೀವ ಹೋಗುವ ಹಾಗೆ ಕಿರುಚಿದೆ.

"ಇದೇ! ಇದೇ ಆನೆ!" ಎಂದರು ಆದಿಲಕ್ಷ್ಮಮ್ಮ. ನಂದಿತಾ ಮೇಡಂ ಅಲ್ಲೇ ಬಂಧಿಸಿದರು.

ತೋಟದಲ್ಲೂ ಕಿರುಚಿದ್ದೇ, ಊದಿದ್ದಲ್ಲ. ಟ್ರಂಪೆಟ್ ಕೈಕೊಟ್ಟರೂ ಅಷ್ಟು ದೊಡ್ಡ ಕಹಳೆಯಾದರೂ ನನ್ನ ಉಸಿರಿಗೆ ಓಗೊಟ್ಟೀತೆಂದು ಹೊತ್ತೊಯ್ದಿದ್ದೆ. ಎರಡು ವರ್ಷದಿಂದ ಮದುವೆ ಮೆರವಣಿಗೆಗಳಲ್ಲಿ ನಾನು ಬರೀ ಕೆನ್ನೆ ಉಬ್ಬಿಸಿಕೊಂಡು ನಡೆದಿದ್ದೇನೆ.